ತುಂಬಿದ ಭಾನುವಾರ: ಸಭಾಪಾಲಕರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಿನದ ಸುತ್ತ ಸುತ್ತುತ್ತವೆ. ಬೆಳಿಗ್ಗೆ ಎರಡು ಆರಾಧನೆ, ನಡುವೆ ಸಂಡೇ ಸ್ಕೂಲ್, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ವಿಧಿ), ಮಧ್ಯಾಹ್ನ ದೀಕ್ಷಾಸ್ನಾನ, ಸಂಜೆ ಆಸ್ಪತ್ರೆ ಭೇಟಿ. ಇಂಥ ದಿನ ಮುಗಿದಾಗ ಸಭಾಪಾಲಕರ ಮನಸ್ಸು ತುಂಬಿ ಬರಬೇಕು. ಎಷ್ಟೋ ಸಲ ಉಳಿಯುವುದು ಮೈಕೈ ನೋವು ಮಾತ್ರ. ಕೃತಜ್ಞತೆ ತಾನಾಗಿ ಉಕ್ಕಲಿ ಎಂದು ಕಾಯುವುದಕ್ಕಿಂತ ಅದಕ್ಕೆ ಜಾಗ ಮಾಡಿಕೊಡುವುದು ಒಳ್ಳೆಯದು ಎಂಬುದು ನಮ್ಮ ನಂಬಿಕೆ. ಹಾಗಾಗಿ ರೊಟ್ಟಿ, ನೀರು, ಗಡಿಯಾರ, ಕಾಣಿಕೆ ಎಣಿಕೆಯ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ಭಾನುವಾರ ರಾತ್ರಿ ಕೂತು ದಿನವನ್ನು ನೆನೆದು ದೇವರಿಗೆ ಸ್ತೋತ್ರ ಹೇಳಬೇಕು, ಸಭೆಯವರಿಗೂ ನಾಲ್ಕು ಸಾಲು ಬರೆಯಬೇಕು ಅಂದುಕೊಳ್ಳುತ್ತೇನೆ. ನೆನಪಿಗೆ ಬರುವುದು ಮಾತ್ರ ಕೆಟ್ಟುಹೋದದ್ದೇ: ಕೈಕೊಟ್ಟ ಮೈಕ್, ಪ್ರಸಂಗದಲ್ಲಿ ಬಿಟ್ಟುಹೋದ ಮಾತು. ಬರೆಯಲು ಹೊರಟರೆ “ಎಲ್ಲರಿಗೂ ವಂದನೆಗಳು” ಎಂಬಲ್ಲಿಗೆ ಪೆನ್ನು ನಿಲ್ಲುತ್ತದೆ. — ಸಭಾಪಾಲಕರೊಬ್ಬರು

ಉತ್ತರ: ಅಯ್ಯನವರೇ, ಮೊದಲು ಎರಡು ಹಾಳೆ ಇಟ್ಟುಕೊಳ್ಳಿ. ತಪ್ಪಿದ್ದನ್ನೆಲ್ಲ ಒಂದರಲ್ಲಿ ಬರೆದು ಮಡಚಿ ಸತ್ಯವೇದದೊಳಗಲ್ಲ, ಮೇಜಿನ ಖಾನೆಯೊಳಗೆ ಹಾಕಿ. ಮಂಗಳವಾರಕ್ಕೆ ಮೊದಲು ತೆಗೆಯಬೇಡಿ. ತಪ್ಪುಗಳಿಗೆ ಒಂದು ಜಾಗ ಸಿಕ್ಕರೆ ಅವು ಮತ್ತೆ ಮತ್ತೆ ತಲೆಯೊಳಗೆ ಬಂದು ನಿಲ್ಲುವುದು ಕಡಿಮೆಯಾಗುತ್ತದೆ. ಎರಡನೆಯ ಹಾಳೆ ಸ್ತೋತ್ರದ್ದು. ಅದಕ್ಕೆ ಹದಿನೈದು ನಿಮಿಷ ಸಾಕು, ಆದರೆ ಫೋನಿನ ಸಂದೇಶ ನೋಡುವ ಮೊದಲೇ ಬರೆಯಬೇಕು. ಒಂದು ದೂರು ಓದಿದರೂ ಆ ದಿನದ ಬಣ್ಣವೇ ಬದಲಾಗಿಬಿಡುತ್ತದೆ.

“ಇವತ್ತು ಏನು ಒಳ್ಳೆಯದಾಯಿತು?” ಎಂದು ಮನಸ್ಸನ್ನು ಕೇಳಬೇಡಿ. ದಣಿದ ಮನಸ್ಸಿಗೆ ಅದು ಪರೀಕ್ಷೆಯ ಪ್ರಶ್ನೆ ಇದ್ದ ಹಾಗೆ. ಬದಲಿಗೆ ದೇವಾಲಯದೊಳಗೆ ಒಂದು ಸುತ್ತು ನಡೆಯಿರಿ, ಮನಸ್ಸಿನಲ್ಲೇ. ಗೇಟು ತೆರೆದವರು ಯಾರು, ಬಾಗಿಲಲ್ಲಿ ನಿಂತಿದ್ದವರು ಯಾರು, ಎಡಗಡೆಯ ಕೊನೆಯ ಬೆಂಚಿನಲ್ಲಿ ಯಾರು ಕೂತಿದ್ದರು, ಗಾಯನ ವೃಂದದಲ್ಲಿ ಯಾರು ಗೈರು, ಅವರ ಸಾಲನ್ನು ಯಾರು ಹಾಡಿದರು, ಎಲ್ಲ ಮುಗಿದ ಮೇಲೆ ಕೀರ್ತನೆ ಪುಸ್ತಕಗಳನ್ನು ಜೋಡಿಸಿದವರು ಯಾರು. ಜಾಗದಿಂದ ಜಾಗಕ್ಕೆ ಹೋದರೆ ಮುಖಗಳು ತಾವಾಗಿ ಬರುತ್ತವೆ. ಒಂದೊಂದು ಮುಖಕ್ಕೂ ಹೆಸರು, ಜೊತೆಗೆ ಅವರು ಮಾಡಿದ ಕೆಲಸ, ಇಷ್ಟೇ ಬರೆಯಿರಿ. “ಸಹಕರಿಸಿದರು” ಎಂಬ ಮಾತು ಬೇಡ. ಅದರಲ್ಲಿ ಯಾವ ಮುಖವೂ ಕಾಣುವುದಿಲ್ಲ. “ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಪ್ರಸಂಗ ಮುಗಿಯುವವರೆಗೆ ಹೊರಗೆ ಓಡಾಡಿದರು, ಮಗುವಿನ ತಾಯಿ ಒಳಗೆ ಕೂತು ಕೇಳುವಂತಾಯಿತು” — ಇದು ಸ್ತೋತ್ರವಾಗುತ್ತದೆ.

ಇದಕ್ಕೆ ಅಪೊಸ್ತಲ ಪೌಲನಿಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಾವು ಹೆಸರುಗಳ ಪಟ್ಟಿ ಎಂದು ಬೇಗ ಬೇಗ ಓದಿ ಮುಗಿಸುತ್ತೇವೆ. ನಿಧಾನವಾಗಿ ನೋಡಿ: ಇಪ್ಪತ್ತಕ್ಕೂ ಹೆಚ್ಚು ಜನ, ಎಷ್ಟೋ ಹೆಸರಿನ ಪಕ್ಕದಲ್ಲಿ ಒಂದು ಕಾರಣ. ಪ್ರಿಸ್ಕಳೂ ಅಕ್ವಿಲನೂ ತನ್ನ ಪ್ರಾಣಕ್ಕಾಗಿ ಕುತ್ತಿಗೆ ಒಡ್ಡಿದವರು. ಮರಿಯಳು ಅಲ್ಲಿಯ ಸಭೆಗಾಗಿ ಬಹಳ ದುಡಿದವಳು. ರೂಫನ ತಾಯಿ ತನಗೂ ತಾಯಿ. ಕಡೆಗೆ ಪತ್ರವನ್ನು ಕೈಯಾರೆ ಬರೆದುಕೊಟ್ಟ ತೆರ್ತ್ಯನಿಗೂ ತನ್ನ ವಂದನೆ ಹೇಳಲು ಒಂದು ಸಾಲು ಸಿಕ್ಕಿದೆ.

ಬರೆದದ್ದನ್ನೆಲ್ಲ ವೇದಿಕೆಯಿಂದ ಓದಬೇಡಿ. ಹತ್ತು ಹೆಸರು ಹೇಳಿ ಹನ್ನೊಂದನೆಯದು ಬಿಟ್ಟರೆ ಆ ಒಂದು ನೋವೇ ವಾರವಿಡೀ ಉಳಿಯುತ್ತದೆ. ಸಭೆಯ ಮುಂದೆ ತಂಡಗಳಿಗೆ ವಂದನೆ, ವ್ಯಕ್ತಿಗಳಿಗೆ ಖುದ್ದಾಗಿ: ಸೋಮವಾರ ಸಂಜೆಯಿಂದ ಬುಧವಾರದೊಳಗೆ ಮೂರು ನಾಲ್ಕು ಜನರಿಗೆ ಎರಡೆರಡು ಸಾಲು. ಒಂದೇ ವಾರದಲ್ಲಿ ಎಲ್ಲರಿಗೂ ಬರೆಯಲು ಹೋದರೆ ಎರಡನೆಯ ವಾರಕ್ಕೆ ನಿಂತುಹೋಗುತ್ತದೆ. ಆ ಸಾಲುಗಳಲ್ಲೇ ಮುಂದಿನ ಕೆಲಸ ಕೇಳಬೇಡಿ. “ವಂದನೆಗಳು, ಮುಂದಿನ ವಾರವೂ ಬರುತ್ತೀರಲ್ಲವೇ?” ಎಂದರೆ ಮೊದಲನೆಯ ಮಾತು ಸುಳ್ಳಾಗಿ ಕೇಳಿಸುತ್ತದೆ. ಹಣ ಕೊಟ್ಟವರ ಹೆಸರನ್ನು ಸಭೆಯಲ್ಲಿ ಎತ್ತದಿರುವುದೇ ಲೇಸು. ಗುಟ್ಟಾಗಿ ಪ್ರಾರ್ಥನೆಗೆ ಹೇಳಿಕೊಂಡವರ ವಿಷಯ, ಅದು ಎಷ್ಟೇ ಸಂತೋಷದ ಉತ್ತರ ಕಂಡಿದ್ದರೂ, ಅವರ ಒಪ್ಪಿಗೆ ಇಲ್ಲದೆ ಯಾವ ಹಾಳೆಗೂ ಹತ್ತಕೂಡದು.

ಇನ್ನೊಂದು ಎಚ್ಚರಿಕೆ. ತಲೆಎಣಿಕೆ ಬೇಗ ಸ್ತೋತ್ರದ ಜಾಗ ಹಿಡಿಯುತ್ತದೆ. 240 ಜನ ಬಂದರೆ ಹಿಗ್ಗು, 190 ಬಂದರೆ ಕುಗ್ಗು. ಎಣಿಕೆ ಕಾರ್ಯದರ್ಶಿಯ ಪುಸ್ತಕದಲ್ಲಿರಲಿ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಶುದ್ಧರಾದ ಕುಷ್ಠರೋಗಿಗಳು ಹತ್ತು ಮಂದಿ, ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಆ ಒಬ್ಬನ ದನಿ ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಪ್ರಶ್ನೆ: ನಮ್ಮಲ್ಲಿ 8 ಗಂಟೆಗೆ ಒಂದು ಆರಾಧನೆ, 10 ಗಂಟೆಗೆ ಇನ್ನೊಂದು. ಕರ್ತನ ಭೋಜನವಿದ್ದ ದಿನ ಮೊದಲನೆಯದು ಮುಗಿಯುವಷ್ಟರಲ್ಲಿ ಎರಡನೆಯದರವರು ಬಾಗಿಲಲ್ಲಿ ನಿಂತಿರುತ್ತಾರೆ. ಪ್ರಸಂಗ ಮೊಟಕು ಮಾಡುವುದೊಂದೇ ದಾರಿಯೇ? — ಸಭಾ ಕಾರ್ಯದರ್ಶಿ

ಉತ್ತರ: ಅಲ್ಲ. ಪ್ರಸಂಗಕ್ಕೆ ಕತ್ತರಿ ಹಾಕುವ ಮೊದಲು ಗಡಿಯಾರ ಹಿಡಿದು ಒಂದು ಭಾನುವಾರ ಬರೆದುಕೊಳ್ಳಿ: ಯಾವ ಭಾಗ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು. ಸಮಯ ಸೋರುವುದು ಸಾಮಾನ್ಯವಾಗಿ ಮೂರು ಕಡೆ. ಪ್ರಕಟಣೆ, ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗಿನ ಖಾಲಿ ನಿಮಿಷಗಳು, ಮತ್ತು ಭೋಜನಕ್ಕೆ ಜನ ಮುಂದೆ ಬರುವ ಕ್ರಮ.

ಭೋಜನದ ಲೆಕ್ಕ ಸುಲಭ. 200 ಜನ, ಕಟಕಟೆಯ ಮುಂದೆ ಒಂದು ಸಲಕ್ಕೆ 12 ಜನ ಮೊಣಕಾಲೂರುತ್ತಾರೆ ಅನ್ನಿ. 17 ಸರದಿಯಾಯಿತು. ಬಂದು, ಊರಿ, ರೊಟ್ಟಿ ಪಾತ್ರೆ ತೆಗೆದುಕೊಂಡು, ಪ್ರಾರ್ಥಿಸಿ ಏಳುವುದಕ್ಕೆ ಎರಡರಿಂದ ಎರಡೂವರೆ ನಿಮಿಷ. ಅಲ್ಲಿಗೆ 34ರಿಂದ 42 ನಿಮಿಷ. ಅದೇ 200 ಜನ ಎರಡು ಸಾಲಿನಲ್ಲಿ ನಿಂತೇ ತೆಗೆದುಕೊಂಡು ಹೋದರೆ ತಲೆಗೆ 6 ಸೆಕೆಂಡಿನಂತೆ 10 ನಿಮಿಷ. ಮೊಣಕಾಲೂರುವ ಕ್ರಮ ನಿಮಗೆ ಪ್ರಿಯವಾಗಿದ್ದರೆ ಅದನ್ನು ಬಿಡಿ ಎನ್ನುವುದಿಲ್ಲ; ಆ ಅರ್ಧ ಗಂಟೆಯಲ್ಲಿ ಸಿಗುವ ಮೌನಕ್ಕೆ ಬೆಲೆ ಇದೆ. ಆದರೆ ಅಂಥ ದಿನ 10ರ ಆರಾಧನೆಯನ್ನು 10:30ಕ್ಕೆ ಇಟ್ಟು, ತಿಂಗಳ ಮೊದಲೇ ಪ್ರಕಟಿಸಿ. ಸರದಿಯ ನಡುವೆ ಜನ ತಡವರಿಸುವುದನ್ನು ತಪ್ಪಿಸಲು, ಒಂದು ಸಾಲು ಏಳುವ ಮೊದಲೇ ಮುಂದಿನ ಸಾಲು ನಡುದಾರಿಯಲ್ಲಿ ನಿಂತಿರಲಿ. ಬರುವುದು ನಡುವಿನಿಂದ, ಹಿಂತಿರುಗುವುದು ಬದಿಯಿಂದ.

ಬಾಗಿಲ ಬಳಿಯ ಜಂಗುಳಿಗೆ ಕಾರಣ ಹಲವು ಸಲ ಸಭಾಪಾಲಕರೇ. ಅವರು ಹೊಸ್ತಿಲಲ್ಲಿ ನಿಂತು ಪ್ರತಿಯೊಬ್ಬರಿಗೂ 5 ಸೆಕೆಂಡು ಕೈಕುಲುಕಿದರೆ 200 ಜನಕ್ಕೆ 16 ನಿಮಿಷ ಮೀರುತ್ತದೆ, ಹಿಂದಿನ ಸಾಲು ಒಳಗೇ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲು ಬಿಟ್ಟು ಹೊರಗೆ ಏಳೆಂಟು ಹೆಜ್ಜೆ ದೂರದಲ್ಲಿ, ದಾರಿಯ ಒಂದು ಬದಿಗೆ ನಿಲ್ಲಲಿ. ಮಾತಾಡಬೇಕಾದವರು ಬರುತ್ತಾರೆ, ಹೊರಡಬೇಕಾದವರು ಹೊರಡುತ್ತಾರೆ. ಒಬ್ಬ ಹಿರಿಯರು ಪಕ್ಕದಲ್ಲಿ ಚಿಕ್ಕ ಪುಸ್ತಕ ಹಿಡಿದಿರಲಿ. “ನಾಡಿದ್ದು ಆಪರೇಷನ್ ಇದೆ, ಪ್ರಾರ್ಥಿಸಿ” ಎಂದು ಕೈಹಿಡಿದು ಹೇಳಿದವರ ಮಾತು ಹತ್ತು ನಿಮಿಷದಲ್ಲಿ ಮರೆತುಹೋಗುವುದು ಕಲ್ಲೆದೆಯಿಂದಲ್ಲ, ಆಮೇಲೆ ಬಂದ ಮೂವತ್ತು ಜನರಿಂದ.

ಎರಡು ಆರಾಧನೆಯ ನಡುವೆ ಹತ್ತು ನಿಮಿಷವಾದರೂ ಸಭಾಪಾಲಕರು ಒಬ್ಬರೇ ಕೂರಲು ಒಂದು ಕೋಣೆ, ಒಂದು ಲೋಟ ನೀರು ಕೊಡಿ. ಆ ಬಾಗಿಲು ತಟ್ಟದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಪ್ರಶ್ನೆ: ಕರ್ತನ ಭೋಜನದ ಸಿದ್ಧತೆ ಈ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಸುಮಾರು 200 ಜನ, ಚಿಕ್ಕ ಲೋಟಗಳು. ಒಂದು ಸಲ ರಸ ಕಡಿಮೆ ಬಿತ್ತು, ಇನ್ನೊಂದು ಸಲ ಬಹಳ ಉಳಿಯಿತು. ತಟ್ಟೆ ಎತ್ತುವಾಗ ಚೆಲ್ಲುತ್ತದೆ ಕೂಡ. — ಸ್ತ್ರೀ ಸಮಾಜದ ಸದಸ್ಯೆ

ಉತ್ತರ: ಸಹೋದರಿ, ಅಳತೆ ಒಂದು ಸಲ ಬರೆದಿಟ್ಟುಕೊಂಡರೆ ಮತ್ತೆ ಅಂದಾಜು ಬೇಕಾಗುವುದಿಲ್ಲ. ಚಿಕ್ಕ ಲೋಟವನ್ನು ಅಂಚಿನವರೆಗೆ ತುಂಬಿದರೆ ಸಾಮಾನ್ಯವಾಗಿ 10ರಿಂದ 12 ಮಿ.ಲೀ. ಹಿಡಿಯುತ್ತದೆ. ಮೂರರಲ್ಲಿ ಎರಡು ಪಾಲು, ಅಂದರೆ 8 ಮಿ.ಲೀ. ಹಾಕಿ. 200 ಲೋಟಕ್ಕೆ 1.6 ಲೀಟರ್, ಚೆಲ್ಲುವುದಕ್ಕೂ ಅತಿಥಿಗಳಿಗೂ ಸೇರಿಸಿ 1.8 ಲೀಟರ್. ತಟ್ಟೆಗೆ 40 ಲೋಟ ಹಿಡಿಸುವುದಾದರೆ ಐದು ತಟ್ಟೆ ಬೇಕು, ಉಳಿದ ರಸವನ್ನು ಆರನೆಯದರ ಲೋಟಗಳಿಗೆ ಹಾಕಿ ಮುಚ್ಚಿಡಿ. ನಿಮ್ಮ ಲೋಟದ ಅಳತೆ ಬೇರೆ ಇರಬಹುದು. ಹತ್ತು ಲೋಟ ನೀರು ತುಂಬಿ, ಅಳತೆಯ ಪಾತ್ರೆಗೆ ಸುರಿದು ನೋಡಿ.

ಚೆಲ್ಲುವುದಕ್ಕೆ ಎರಡು ಕಾರಣ. ಮೊದಲನೆಯದು ಅಂಚಿನವರೆಗೆ ತುಂಬುವುದು. ಎರಡನೆಯದು ತಟ್ಟೆಯ ತಳದ ಒದ್ದೆ. ತೊಳೆದ ತಟ್ಟೆ ಪೂರ್ತಿ ಒಣಗದೆ ಒಂದರ ಮೇಲೊಂದು ಇಟ್ಟರೆ ನಡುವಿನ ನೀರು ಅಂಟಿನಂತೆ ಹಿಡಿಯುತ್ತದೆ. ಮೇಲಿನದನ್ನು ಎತ್ತಿದಾಗ ಕೆಳಗಿನದೂ ಅರ್ಧ ಎದ್ದು ದಪ್ಪನೆ ಬೀಳುತ್ತದೆ. ತಟ್ಟೆಗಳನ್ನು ಒಣಬಟ್ಟೆಯಲ್ಲಿ ಒರೆಸಿಯೇ ಜೋಡಿಸಿ. ತುಂಬುವಾಗ ತಟ್ಟೆಗಳು ಮೇಜಿನ ಮೇಲೆ ಬಿಡಿಬಿಡಿಯಾಗಿರಲಿ, ಉದ್ದ ಮೂತಿಯ ಹಿಂಡುವ ಬಾಟಲಿ ಬಳಸಿ. ಜಗ್ಗಿನಿಂದ ಸುರಿದರೆ ಲೋಟದ ಹೊರಗೆ ಜಾರಿ ಎತ್ತುವವರ ಬಿಳಿ ಬಟ್ಟೆಗೆ ಕಲೆ. ಶನಿವಾರ ರಾತ್ರಿಯೇ ತುಂಬಿಡುವುದು ಬೇಡ. ಬೆಚ್ಚಗಿನ ಕೋಣೆಯಲ್ಲಿ ದ್ರಾಕ್ಷಿ ರಸ ಹುಳಿಯತೊಡಗುತ್ತದೆ, ನೊಣ ಮುತ್ತುತ್ತವೆ. ಆರಾಧನೆಗೆ ಒಂದು ಗಂಟೆ ಮೊದಲು ತುಂಬಿ, ಮೇಲೆ ಮುಚ್ಚಳ ಅಥವಾ ಬಟ್ಟೆ.

ರೊಟ್ಟಿ ಎಲ್ಲರೂ ಅಂದುಕೊಳ್ಳುವುದಕ್ಕಿಂತ ಕಡಿಮೆ ಸಾಕು. ಅಂಚು ತೆಗೆದ ಒಂದು ಸ್ಲೈಸ್ 9 ಸೆಂ.ಮೀ. ಚೌಕ ಉಳಿದರೆ 1 ಸೆಂ.ಮೀ. ತುಂಡುಗಳು 81 ಬರುತ್ತವೆ. ಪುಡಿಯಾಗುವುದನ್ನೂ ಸೇರಿಸಿ 200 ಜನಕ್ಕೆ ನಾಲ್ಕು ಸ್ಲೈಸ್. ಅಂದೇ ಸುಟ್ಟ ಮೆತ್ತನೆಯ ಬ್ರೆಡ್ ಚಾಕುವಿನಡಿ ಹಿಸುಕಿಹೋಗುತ್ತದೆ, ಹಿಂದಿನ ದಿನದ್ದು ನೀಟಾಗಿ ಕತ್ತರಿಸಲು ಬರುತ್ತದೆ. ಕತ್ತರಿಸಿದ ತಕ್ಷಣ ಮುಚ್ಚಿ, ಇಲ್ಲವಾದರೆ ಗಂಟೆಯೊಳಗೆ ಒಣಗಿ ಗಂಟಲಿಗೆ ತಾಗುತ್ತದೆ.

ಗೋಧಿ ಆಗದವರು, ಅಂದರೆ ಸೀಲಿಯಾಕ್ ಕಾಯಿಲೆ ಇರುವವರು ಸಭೆಯಲ್ಲಿದ್ದಾರೆಯೇ ಎಂದು ಕೇಳಿಕೊಳ್ಳಿ. ಅವರಿಗೆ ಗ್ಲುಟೆನ್ ಇಲ್ಲದ ರೊಟ್ಟಿ, ಬೇರೆ ಚಾಕು, ಬೇರೆ ತಟ್ಟೆ. ಅದೇ ಚಾಕುವಿನಲ್ಲಿ ಕತ್ತರಿಸಿದರೆ ಬೇರೆ ರೊಟ್ಟಿ ತಂದದ್ದು ವ್ಯರ್ಥ. ರೊಟ್ಟಿಯನ್ನು ಪಾತ್ರೆಯಲ್ಲಿ ಅದ್ದಿ ಕೊಡುವ ಕ್ರಮ ನಿಮ್ಮದಾದರೆ ಅವರಿಗೆ ಪಾತ್ರೆಯೂ ಬೇರೆ ಇರಬೇಕು. ಕುಡಿತ ಬಿಟ್ಟವರ ಹಿತದೃಷ್ಟಿಯಿಂದ ಹಲವು ಸಭೆಗಳು ದ್ರಾಕ್ಷಾರಸದ ಬದಲು ಹುಳಿಯದ ರಸವನ್ನೇ ಬಳಸುತ್ತವೆ. ಅದನ್ನು ಬಾಟಲಿಯಲ್ಲಿ ಕೆಡದಂತೆ ಇಡುವ ದಾರಿ ತೋರಿದವರು ಅಮೆರಿಕದ ಮೆಥೊಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್. 1869ರಲ್ಲಿ, ಕಾಯಿಸಿ ಹುದುಗುವಿಕೆ ನಿಲ್ಲಿಸುವ ವಿಧಾನದಿಂದ, ಕರ್ತನ ಮೇಜಿಗೆಂದೇ ಅದನ್ನು ಮಾಡಿದರು.

ಉಳಿದದ್ದನ್ನು ಏನು ಮಾಡಬೇಕೆಂಬುದು ನಿಮ್ಮ ಸಭೆಯ ಕ್ರಮಕ್ಕೆ ಬಿಟ್ಟದ್ದು: ಕೆಲವರು ಅಲ್ಲೇ ಭಕ್ತಿಯಿಂದ ಸೇವಿಸಿ ಮುಗಿಸುತ್ತಾರೆ, ಕೆಲವರು ಮಣ್ಣಿಗೆ ಹಾಕುತ್ತಾರೆ. ಮೇಜಿಗೆ ಹೋಗಿಬಂದದ್ದನ್ನು ತಿರುಗಿ ಬಾಟಲಿಗೆ ಮಾತ್ರ ಸುರಿಯಬೇಡಿ.

ಪ್ರಶ್ನೆ: ಮುಂದಿನ ತಿಂಗಳು ಒಂಬತ್ತು ಜನರಿಗೆ ಮುಳುಗು ದೀಕ್ಷಾಸ್ನಾನ. ಹೊಸದಾಗಿ ತಂದ ಜೋಡಿಸುವ ತೊಟ್ಟಿ ಇದೆ: 2 ಮೀಟರ್ ಉದ್ದ, 1.2 ಮೀಟರ್ ಅಗಲ. ನೀರು, ಬಿಸಿ, ಸುರಕ್ಷತೆ ಬಗ್ಗೆ ತಿಳಿಸಿ. — ಸಭಾ ಹಿರಿಯರು

ಉತ್ತರ: 1 ಮೀಟರ್ ಆಳ ತುಂಬಿದರೆ 2,400 ಲೀಟರ್, ತೂಕ 2.4 ಟನ್. ಇದನ್ನು ಮರದ ವೇದಿಕೆಯ ಮೇಲಾಗಲಿ ಮಹಡಿಯಲ್ಲಾಗಲಿ ಇಡಬೇಡಿ. ನೆಲದ ಮೇಲೆಯೇ, ಸಮತಟ್ಟಾದ ಕಡೆ. ನಿಮಿಷಕ್ಕೆ 15 ಲೀಟರ್ ಕೊಡುವ ನಲ್ಲಿಯಾದರೆ ತುಂಬಲು 2 ಗಂಟೆ 40 ನಿಮಿಷ, 10 ಲೀಟರಿನದಾದರೆ 4 ಗಂಟೆ. ಹಾಗಾಗಿ ಶನಿವಾರವೇ ತುಂಬಿ. ಇಬ್ಬರು ಇಳಿದಾಗ ನೀರು ಸುಮಾರು 5 ಸೆಂ.ಮೀ. ಏರುತ್ತದೆ, ಒಬ್ಬರು ಮುಳುಗಿ ಎದ್ದಾಗ ಅಲೆಯೂ ಏಳುತ್ತದೆ. ಅಂಚಿನಿಂದ 15 ಸೆಂ.ಮೀ. ಖಾಲಿ ಬಿಡಿ.

ಬಿಸಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. 2,400 ಲೀಟರ್ ನೀರನ್ನು 10 ಡಿಗ್ರಿ ಏರಿಸಲು ಸುಮಾರು 28 ಯೂನಿಟ್ ವಿದ್ಯುತ್ ಬೇಕು. 3 ಕಿಲೋವ್ಯಾಟ್ ಹೀಟರಿಗೆ ಅದು ಒಂಬತ್ತು ಗಂಟೆಗೂ ಮೀರಿದ ಕೆಲಸ, ಹೊರಗೆ ಹೋಗುವ ಶಾಖ ಬೇರೆ. ಬೆಳಿಗ್ಗೆ 7ಕ್ಕೆ ಹಾಕಿ ಮಧ್ಯಾಹ್ನಕ್ಕೆ ಬಿಸಿಯಾಗಲಿ ಎಂದರೆ ಆಗದು. ತೊಟ್ಟಿಗೆಂದೇ ಮಾಡಿದ ಹೀಟರ್ ಬಳಸಿ, ನೀರಿನ ಮೇಲೆ ಹೊದಿಕೆ ಹಾಸಿ, ಯಾರಾದರೂ ಕಾವಲಿರಿ. ಜನ ಇಳಿಯುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು, ಹೀಟರನ್ನೇ ಹೊರಗೆ ತೆಗೆದಿಡಬೇಕು. ನೀರಿನಲ್ಲಿ ನಿಂತವರ ಕೈಗೆ ವೈರಿನ ಮೈಕ್ ಕೊಡುವುದು ಪ್ರಾಣಾಪಾಯ. ತೊಟ್ಟಿಯಿಂದ ದೂರದಲ್ಲಿ ಒಣನೆಲದ ಮೇಲೆ ನಿಂತ ಇನ್ನೊಬ್ಬರು ಮೈಕಿನಲ್ಲಿ ಹೇಳಲಿ, ಸಭಾಪಾಲಕರು ಬರಿಗಂಟಲಲ್ಲಿ ಹೇಳಲಿ.

ತಿಳಿಬಣ್ಣದ ತೆಳು ಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ. ದಪ್ಪ, ಗಾಢ ಬಣ್ಣದ ನಿಲುವಂಗಿ, ಅಂಚಿಗೆ ಭಾರ ಹೊಲಿದದ್ದಾದರೆ ನೀರಿನಲ್ಲಿ ಮೇಲೇಳುವುದಿಲ್ಲ. ಸ್ತ್ರೀಯರು ಹೊರಬರುವ ಮೆಟ್ಟಿಲಲ್ಲೇ ಒಬ್ಬ ಸ್ತ್ರೀ ದೊಡ್ಡ ಟವೆಲ್ ಬಿಚ್ಚಿ ಹಿಡಿದಿರಲಿ. ಮೆಟ್ಟಿಲಿನಿಂದ ಕೋಣೆಯವರೆಗೆ ಜಾರದ ಚಾಪೆ.

ಮುಳುಗಿಸುವುದನ್ನು ಒಣನೆಲದಲ್ಲಿ ಮೊದಲೇ ಅಭ್ಯಾಸ ಮಾಡಿಸಿ. ಅಭ್ಯರ್ಥಿಯ ಪಕ್ಕದಲ್ಲಿ ನಿಲ್ಲಬೇಕು, ಎದುರಲ್ಲಲ್ಲ. ಅವರು ಒಂದು ಕೈಯಲ್ಲಿ ಮಡಚಿದ ಕರವಸ್ತ್ರದಿಂದ ಮೂಗು ಹಿಡಿಯಲಿ, ಇನ್ನೊಂದು ಕೈ ಆ ಮಣಿಕಟ್ಟನ್ನು ಹಿಡಿಯಲಿ. ನಿಮ್ಮ ಒಂದು ಕೈ ಅವರ ಕೈಗಳ ಮೇಲೆ, ಇನ್ನೊಂದು ಬೆನ್ನಿನ ಮೇಲ್ಭಾಗದಲ್ಲಿ. ಗುಟ್ಟೆಲ್ಲ ಮೊಣಕಾಲಲ್ಲಿದೆ. ಅವರು ಮೊಣಕಾಲು ಮಡಚಿ ಕುರ್ಚಿಯಲ್ಲಿ ಕೂರುವಂತೆ ಕುಸಿದರೆ ತಲೆ ತಾನಾಗಿ ಹಿಂದಕ್ಕೆ ಬಾಗುತ್ತದೆ. ಕಾಲು ನೆಟ್ಟಗೆ ಇಟ್ಟರೆ ಪಾದ ಜಾರಿ, ಇಡೀ ಭಾರ ನಿಮ್ಮ ಬೆನ್ನಿಗೆ. ಭಾರದವರಿಗೆ, ಮುಪ್ಪಿನವರಿಗೆ ಇಬ್ಬರು ಬೇಕು. ತೊಟ್ಟಿ ಉದ್ದ 2 ಮೀಟರ್ ಮಾತ್ರವಾದ್ದರಿಂದ ಎತ್ತರದವರ ತಲೆ ಹಿಂಗೋಡೆಗೆ ತಾಗದಂತೆ ಎಲ್ಲಿ ನಿಲ್ಲಬೇಕೆಂದು ತಳದಲ್ಲಿ ಗುರುತು ಹಾಕಿಡಿ.

ನೀರಿಗಿಳಿಯಲು ಆಗದ ರೋಗಿಗಳ ಬಗ್ಗೆಯೂ ಕೇಳುವವರಿರುತ್ತಾರೆ. ಆದಿ ಸಭೆಯ ದಿದಾಖೆ ಎಂಬ ಬೋಧನೆಯಲ್ಲಿ ಹರಿಯುವ ನೀರು ಮೊದಲು, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎಂದಿದೆ. ನಿಮ್ಮ ಸಭೆಯ ಉಪದೇಶ ಏನನ್ನು ಒಪ್ಪುತ್ತದೋ ಅದರಂತೆ ನಡೆಯಿರಿ. ತೊಟ್ಟಿಯನ್ನು ಅದೇ ಸಂಜೆ ಖಾಲಿ ಮಾಡಿ. ಖಾಲಿಯಾಗುವವರೆಗೆ ಒಬ್ಬರು ಅಲ್ಲೇ ಇರಬೇಕು. ಮಕ್ಕಳು ಬಂದೇ ಬರುತ್ತಾರೆ.

ಪ್ರಶ್ನೆ: ಕಾಣಿಕೆ ಎಣಿಸುವಾಗ ಅಯ್ಯನವರು ಜೊತೆಗಿದ್ದರೆ ನನಗೆ ಧೈರ್ಯ. ಕೆಲವರು ಬೇಡ ಎನ್ನುತ್ತಾರೆ. ಯಾಕೆ? — ಖಜಾಂಚಿ

ಉತ್ತರ: ಅವರು ಹೇಳುವುದು ಸರಿ. ಯಾರು ಎಷ್ಟು ಹಾಕಿದರು ಎಂಬುದು ಸಭಾಪಾಲಕರಿಗೆ ತಿಳಿಯದಿದ್ದರೆ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುವುದು ಸುಲಭ, ಸಂಶಯವೂ ಅವರ ಹತ್ತಿರ ಸುಳಿಯುವುದಿಲ್ಲ. ನಿಮ್ಮ ಧೈರ್ಯಕ್ಕೆ ಇನ್ನೊಬ್ಬ ಎಣಿಸುವವರು ಬೇಕು, ಸಂಬಂಧಿಕರಲ್ಲದವರು. ಚೀಲ ಬೆಂಚಿನಿಂದ ಮೇಜಿಗೆ, ಮೇಜಿನಿಂದ ಕೋಣೆಗೆ ಹೋಗುವಾಗಲೂ ಇಬ್ಬರ ಕಣ್ಣೆದುರೇ ಇರಲಿ. ಅದೇ ದಿನ, ಬಾಗಿಲು ಹಾಕಿಕೊಂಡು, ಫೋನ್ ಬದಿಗಿಟ್ಟು ಎಣಿಸಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಬೆರಕೆಯಿಂದ. ಮೊದಲು ಲಕೋಟೆಗಳನ್ನು ಬೇರೆ ಮಾಡಿ. ಒಂದೊಂದನ್ನೇ ತೆರೆದು, ಒಳಗಿನ ಮೊತ್ತವನ್ನು ಲಕೋಟೆಯ ಮೇಲೆ ಬರೆದು, ಆಮೇಲೆ ಹಣವನ್ನು ರಾಶಿಗೆ ಹಾಕಿ. ಬಿಡಿ ಕಾಣಿಕೆ ಬೇರೆ ರಾಶಿ. ನೋಟುಗಳನ್ನು ಮುಖಬೆಲೆ ಪ್ರಕಾರ ಜೋಡಿಸಿ ಒಬ್ಬರು ಎಣಿಸಲಿ, ಎರಡನೆಯವರು ಮೊದಲಿನ ಸಂಖ್ಯೆ ಕೇಳದೆಯೇ ಎಣಿಸಲಿ. ಎರಡೂ ತಾಳೆಯಾದರೆ ಮಾತ್ರ ಬರೆಯಿರಿ. ಎಣಿಕೆಯ ಹಾಳೆ ಎರಡು ಪ್ರತಿ, ಇಬ್ಬರ ಸಹಿ. ಒಂದು ಹಣದ ಜೊತೆ, ಇನ್ನೊಂದು ಕಾರ್ಯದರ್ಶಿಯ ಬಳಿ. ಬ್ಯಾಂಕು ತೆರೆಯುವ ಮೊದಲ ದಿನವೇ ಜಮಾ, ಆ ಚೀಟಿಯನ್ನು ಹಾಳೆಗೆ ಲಗತ್ತಿಸಿ. “ಚಿಲ್ಲರೆ ಖರ್ಚಿಗೆ ಇದರಲ್ಲೇ ತೆಗೆದುಕೊಳ್ಳಿ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಂದದ್ದೆಲ್ಲ ಮೊದಲು ಜಮಾ ಆಗಬೇಕು, ಖರ್ಚು ಬೇರೆ ಚೀಟಿಯಲ್ಲಿ.

ಇದು ಅಪನಂಬಿಕೆಯಲ್ಲ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಪೌಲನು ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದ್ದು, ಯಾರೂ ತಪ್ಪು ಹೊರಿಸದಂತೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯ ಓದಿ ನೋಡಿ.

ಪ್ರಶ್ನೆ: ಬೆಳಿಗ್ಗೆ ಪರೀಕ್ಷಿಸಿದಾಗ ಚೆನ್ನಾಗಿದ್ದ ಮೈಕ್ ಆರಾಧನೆಯ ನಡುವೆ ಕೀರಲು ಕೂಗುತ್ತದೆ. — ಯುವಜನ ಸಂಘ

ಉತ್ತರ: ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹೊಕ್ಕು ಸುತ್ತತೊಡಗಿದಾಗ ಆ ಕೂಗು ಏಳುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಜನ ತುಂಬಿದ ಮೇಲೆ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಕೇಳಿಸುತ್ತಿಲ್ಲವೆಂದು ನೀವು ಧ್ವನಿ ಏರಿಸುತ್ತೀರಿ, ಅಲ್ಲಿಗೆ ಅಂಚು ದಾಟುತ್ತದೆ. ಏರಿಸುವ ಬದಲು ಬಾಯನ್ನು ಹತ್ತಿರ ತನ್ನಿ: 20 ಸೆಂ.ಮೀ. ದೂರವನ್ನು 10ಕ್ಕೆ ಇಳಿಸಿದರೆ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಮಾತಾಡದ ಮೈಕುಗಳನ್ನು ಮುಚ್ಚಿ. ತೆರೆದ ಮೈಕು ಎರಡಿದ್ದದ್ದು ನಾಲ್ಕಾದರೆ 3 ಡೆಸಿಬೆಲ್ ಕಳೆದುಕೊಳ್ಳುತ್ತೀರಿ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕೂಗು ಹೆಚ್ಚುತ್ತದೆ, ಹಿಡಿಯಲ್ಲೇ ಹಿಡಿಯಬೇಕು. ಗುಂಡಿ ತಿರುಗಿಸುವ ಹುಡುಗ ಹುಡುಗಿಯರ ಹೆಸರನ್ನು ನಿಮ್ಮ ಅಯ್ಯನವರು ಸ್ತೋತ್ರದ ಹಾಳೆಯಲ್ಲಿ ಬರೆಯಲಿ. ಕೂಗು ಕೇಳಿದಾಗ ಮಾತ್ರ ಇಡೀ ಸಭೆ ಅವರ ಕಡೆ ತಿರುಗುತ್ತದೆ.

ಪ್ರಶ್ನೆ: ಸಂಜೆ ಆಸ್ಪತ್ರೆಗೆ, ಮನೆಯಲ್ಲೇ ಮಲಗಿರುವವರಿಗೆ ಭೋಜನ ಒಯ್ಯುತ್ತೇವೆ. ನಾಲ್ಕೈದು ಮನೆಯಾಗುವಷ್ಟರಲ್ಲಿ ಅವಸರವಾಗುತ್ತದೆ. — ಸಭಾಪಾಲಕರೊಬ್ಬರು

ಉತ್ತರ: ಒಂದೇ ಸಂಜೆ ಮೂರಕ್ಕೆ ನಿಲ್ಲಿಸಿ, ಉಳಿದವರಿಗೆ ವಾರದೊಳಗೆ ಬೇರೆ ದಿನ ಹೇಳಿ. ಎರಡನೆಯ ಶತಮಾನದ ನಡುವೆ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್ ಭಾನುವಾರದ ಕೂಟವನ್ನು ವಿವರಿಸುವಾಗ, ಬಾರದವರ ಪಾಲನ್ನು ಸಭಾಸೇವಕರು ಒಯ್ಯುತ್ತಿದ್ದರು ಎಂದಿದ್ದಾನೆ. ನಿಮ್ಮ ಕ್ರಮ ಅನುಮತಿಸಿದರೆ ಹಿರಿಯರೊಬ್ಬರಿಗೆ ಈ ಭಾಗ್ಯ ಹಂಚಿಕೊಡಿ.

ಆಸ್ಪತ್ರೆಯಲ್ಲಿ ಮೊದಲು ನರ್ಸ್ ಬಳಿ ಹೋಗಿ, ಬಾಯಿಂದ ಏನಾದರೂ ಕೊಡಬಹುದೇ ಎಂದು ಕೇಳಿ. ಆಪರೇಷನ್‌ಗೆ ಮುಂಚೆ ಉಪವಾಸ ಇರಬಹುದು, ಪಾರ್ಶ್ವವಾಯು ಆದವರಿಗೆ ನುಂಗುವುದು ಕಷ್ಟವಾಗಿ ಶ್ವಾಸಕ್ಕೆ ಸಿಕ್ಕಬಹುದು. ಕೊಡಬಾರದೆಂದರೆ ಒತ್ತಾಯಿಸಬೇಡಿ; ವಾಕ್ಯ, ಪ್ರಾರ್ಥನೆ, ಹಿಡಿದ ಕೈ ಸಾಕು. ಕೊಡಬಹುದಾದರೆ ಬೆರಳತುದಿಯ ಕಾಲು ಭಾಗದಷ್ಟು ರೊಟ್ಟಿ, ರಸದಲ್ಲಿ ನೆನೆಸಿ, ತಲೆ ಎತ್ತರಿಸಿ ಕೂರಿಸಿದ ಮೇಲೆ. ಒಳಹೋಗುವಾಗಲೂ ಬರುವಾಗಲೂ ಕೈ ತೊಳೆಯಿರಿ. ಹಾಸಿಗೆಯ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಿ. ಹದಿನೈದು ನಿಮಿಷ ಧಾರಾಳವಾಯಿತು. ಬೆಳಿಗ್ಗೆ ಹಾಡಿದ ಒಂದು ಕೀರ್ತನೆಯ ಪಲ್ಲವಿಯನ್ನು ಮೆಲುದನಿಯಲ್ಲಿ ಹೇಳಿ, ಅವರ ಬೆಂಚಿನಲ್ಲಿ ಇವತ್ತು ಯಾರು ಕೂತಿದ್ದರು ಎಂದು ತಿಳಿಸಿ. ತಿಂಗಳುಗಟ್ಟಲೆ ಮಲಗಿದವರಿಗೆ ಆ ಸುದ್ದಿ ಬೇಕಾಗಿರುತ್ತದೆ.

ಪ್ರಶ್ನೆ: ಭಾನುವಾರ ರಾತ್ರಿ ಮನೆಗೆ ಬಂದ ಮೇಲೆ ಇವರಿಗೆ ಮಾತೇ ಬೇಡ. ಗಂಟಲೂ ಕಟ್ಟಿರುತ್ತದೆ. ಮಕ್ಕಳು ಹತ್ತಿರ ಹೋಗಲು ಹೆದರುತ್ತಾರೆ. — ಸಭಾಪಾಲಕರ ಪತ್ನಿ

ಉತ್ತರ: ಸಹೋದರಿ, ಅದು ನಿಮ್ಮ ಮೇಲಿನ ಬೇಸರವಲ್ಲ. ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ದೇಹ ಒಮ್ಮೆಗೇ ಸಡಿಲವಾಗುತ್ತದೆ. ಬಂದ ತಕ್ಷಣ ಪ್ರಶ್ನೆ ಬೇಡ, ಅರ್ಧ ಗಂಟೆ ಬಿಡಿ. ಆದರೆ ಆ ಅರ್ಧ ಗಂಟೆಯ ನಂತರ ಮಕ್ಕಳಿಗೆ ಅವರು ಸಿಗಬೇಕು ಎಂಬುದನ್ನೂ ನೀವಿಬ್ಬರೂ ಮಾತಾಡಿ ಗೊತ್ತುಮಾಡಿಕೊಳ್ಳಿ, ಭಾನುವಾರ ಅಲ್ಲ, ವಾರದ ನಡುವೆ.

ಗಂಟಲಿಗೆ: ನೀರನ್ನು ಪ್ರಸಂಗದ ಹೊತ್ತಿಗೆ ಕುಡಿದರೆ ತಡವಾಯಿತು, ಬೆಳಿಗ್ಗೆ ಎದ್ದಾಗಿನಿಂದ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ಎರಡೂ ಆರಾಧನೆಯಲ್ಲಿ ಎಲ್ಲ ಕೀರ್ತನೆಗಳನ್ನೂ ಮೈಕಿನೆದುರು ಹಾಡುವುದನ್ನು ಬಿಡಲಿ. ಗಂಟಲು ಕಟ್ಟಿದಾಗ ಪಿಸುಮಾತು ಆಡಿದರೆ ಇನ್ನೂ ಶ್ರಮ. ಮೌನವಾಗಿರುವುದು ಅಥವಾ ತಗ್ಗಿದ ಸಹಜ ದನಿ ಒಳ್ಳೆಯದು. ಕೆಮ್ಮಿ ಗಂಟಲು ಸರಿಮಾಡುವ ಅಭ್ಯಾಸವೂ ನಾದತಂತುಗಳಿಗೆ ಪೆಟ್ಟು. ದನಿ ಒಡಕು ಮೂರು ವಾರ ಮೀರಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಮೇಲೆ ಹೇಳಿದ ಸ್ತೋತ್ರದ ಹಾಳೆಯನ್ನು ಅವರು ಒಬ್ಬರೇ ಬರೆಯಬೇಕೆಂದಿಲ್ಲ. ಮಕ್ಕಳು ಸಂಡೇ ಸ್ಕೂಲಿನಲ್ಲಿ ಕಂಡದ್ದನ್ನು ಹೇಳಲಿ, ನೀವು ಸ್ತ್ರೀಯರ ಬೆಂಚಿನ ಕಡೆ ಕಂಡದ್ದನ್ನು ಹೇಳಿ, ಅವರು ಬರೆದುಕೊಳ್ಳಲಿ. ಗಂಟಲಿಗೂ ವಿಶ್ರಾಂತಿ, ವೇದಿಕೆಯಿಂದ ಕಾಣದ ಎಷ್ಟೋ ಮುಖಗಳು ಆ ಹಾಳೆಗೆ ಬರುತ್ತವೆ.

ಸೋಮವಾರ ರಜೆ ಎಂಬುದು ಬಾಯಿಮಾತಾಗಿ ಉಳಿದರೆ ಪ್ರಯೋಜನವಿಲ್ಲ. ಸೋಮವಾರದ ಫೋನ್ ಯಾವ ಹಿರಿಯರು ತೆಗೆಯುತ್ತಾರೆ ಎಂದು ಭಾನುವಾರದ ಪ್ರಕಟಣೆಯಲ್ಲೇ ಹೇಳಿಸಿ. ಸಾವು, ಅಪಘಾತ, ತುರ್ತಾಗಿ ಆಸ್ಪತ್ರೆ ಸೇರಿದ್ದು — ಈ ಮೂರಕ್ಕೆ ಮಾತ್ರ ಅವರು ನಿಮ್ಮ ಮನೆಗೆ ಫೋನ್ ಮಾಡಲಿ. ಉಳಿದದ್ದನ್ನು ಬರೆದಿಟ್ಟುಕೊಂಡು ಮಂಗಳವಾರ ಬೆಳಿಗ್ಗೆ ತಂದುಕೊಡಲಿ.